ಬಾಣೆಯಲ್ಲಿ ಕೂತು ಗದ್ದೆ ನೋಡುವುದು

ಕೊಡಗಿನ ಹೋಂಸ್ಟೇಗಳ ಜಾಹೀರಾತಿನಲ್ಲಿ ‘ಪ್ರಕೃತಿಯ ಮಡಿಲು’ ಎಂಬ ಮಾತು ತಪ್ಪುವುದಿಲ್ಲ. ಫೋಟೋದಲ್ಲಿ ಕಾಣುವುದು ಮಾತ್ರ ಕಾಫಿ ತೋಟ: ಮಂಜು, ಎತ್ತರದ ಮರಗಳು, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಕಾಡಿನಷ್ಟೇ ಹಳೆಯದೆನಿಸುವ ಈ ನೋಟಕ್ಕೆ ಇನ್ನೂರು ವರ್ಷವೂ ತುಂಬಿಲ್ಲ.

ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ಕೈಗೆ ತೆಗೆದುಕೊಂಡದ್ದು 1834ರಲ್ಲಿ. ಮಡಿಕೇರಿಯ ಬಳಿ ಮೊದಲ ಯುರೋಪಿಯನ್ ಕಾಫಿ ತೋಟ ಎದ್ದದ್ದು 1854ರಲ್ಲಿ. ಆಮೇಲೆ ಬಂದ ಪ್ಲಾಂಟರುಗಳು ಕಾಡು ಕಡಿದು, ಸುಟ್ಟು, ಬಯಲು ಮಾಡಿ ಗಿಡ ನೆಟ್ಟರು. 1860ರ ದಶಕದಲ್ಲಿ ಕಾಂಡಕೊರಕ ಹುಳು ಬಂತು, ತೋಟಕ್ಕೆ ತೋಟವೇ ಒಣಗಿತು. ಅದನ್ನು ಪರಿಶೀಲಿಸಿದ ಜಾರ್ಜ್ ಬಿಡೀ 1869ರ ವರದಿಯಲ್ಲಿ ನೆರಳಿನ ಮರ ಬೇಕೆಂದ. ನಾವು ಇಂದು ಮೆಚ್ಚುವ ತಂಪು ಆ ಹುಳುವಿಗೂ ಸ್ವಲ್ಪ ಋಣಿ.

ಕಾಫಿಗಿಂತ ಹಳೆಯ ಕೊಡಗು ಗದ್ದೆಯ ಕೊಡಗು. ರಾಜರ ಕಾಲದ ಜಮ್ಮಾ ಹಿಡುವಳಿಯಲ್ಲಿ ಮನೆತನಕ್ಕೆ ಸಿಗುತ್ತಿದ್ದದ್ದು ಮುಖ್ಯವಾಗಿ ಭತ್ತದ ಗದ್ದೆ. ಕಂದಾಯ ಸಾಮಾನ್ಯ ದರದ ಅರ್ಧ. ಬದಲಿಗೆ ಕರೆ ಬಂದಾಗ ಕತ್ತಿ ಹಿಡಿದು ಹೋಗಬೇಕು. ಗದ್ದೆಯ ಜೊತೆಗೆ ಅದರ ಸೇವೆಗೆಂದೇ ಮೇಲಿನ ಗುಡ್ಡದಲ್ಲಿ ಒಂದಿಷ್ಟು ಕಾಡು: ಗೊಬ್ಬರಕ್ಕೆ ಸೊಪ್ಪು, ಒಲೆಗೆ ಸೌದೆ, ದನಕ್ಕೆ ಮೇವು. ಅದೇ ಬಾಣೆ. ಕಾಫಿ ಬೇರೂರಿದ್ದು ಈ ಬಾಣೆಗಳಲ್ಲಿ. ಗದ್ದೆಯ ಹಿಂಬಾಲಕನಾಗಿದ್ದ ಜಾಗ ನಿಧಾನವಾಗಿ ಯಜಮಾನನಾಯಿತು. (ದಕ್ಷಿಣ ಕೊಡಗಿನ ಗದ್ದೆಗಳಲ್ಲಿ ತಲೆಮಾರುಗಟ್ಟಲೆ ದುಡಿದ ಯರವರ ಜೀತದ ಕಥೆ ಯಾವ ಜಾಹೀರಾತಿನಲ್ಲೂ ಇಲ್ಲ. ಅದನ್ನು ಬರೆಯಲು ಬೇರೆಯೇ ಲೇಖನ ಬೇಕು.)

ಇಷ್ಟನ್ನು ಓದಿಕೊಂಡೇ ನಾನು ಕಕ್ಕಬ್ಬೆಯ ಕಡೆ ಹೋದದ್ದು. ತಡಿಯಂಡಮೋಳ್ ಬೆಟ್ಟದ ತಪ್ಪಲಿನ ಊರು ಅದು. ಉಳಿದುಕೊಂಡ ಮನೆ ತೋಟದೊಳಗಿತ್ತು. ಜಗಲಿಯಿಂದ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆ. ಹಸಿರೇನೋ ಇತ್ತು, ಅದು ಭತ್ತವಲ್ಲ, ಹುಲ್ಲು.

“ಗದ್ದೆ ಮಾಡಿದ್ರೆ ಕೈಯಿಂದ ಹೋಗುತ್ತೆ ಸಾರ್,” ಎಂದರು ಮನೆಯ ಹಿರಿಯರು. “ನಾಟಿಗೆ ಜನ ಸಿಗಲ್ಲ. ಸಿಕ್ಕಿದ್ರೂ ಕೊಯ್ಲಿನ ಹೊತ್ತಿಗೆ ಆನೆ ಬರುತ್ತೆ.”

ಅವರನ್ನು ದೂರುವಂತಿಲ್ಲ. ಕಾಫಿ ಬೆಳೆಯನ್ನು ಕಾಫಿ ಬೋರ್ಡೇ ಕೊಂಡು ಮಾರುತ್ತಿದ್ದ ವ್ಯವಸ್ಥೆ 1990ರ ದಶಕದಲ್ಲಿ ಮುಗಿಯಿತು. ಶತಮಾನದ ತಿರುವಿನಲ್ಲಿ ಜಗತ್ತಿನಲ್ಲೇ ಕಾಫಿ ಬೆಲೆ ಬಿತ್ತು. ಆಗ ಹಲವು ಮನೆಗಳು ಖಾಲಿ ಕೋಣೆಗೆ ಹೊಸ ಹಾಸಿಗೆ ಹಾಕಿದವು. ಅತಿಥಿಯ ಬಾಡಿಗೆ ತೋಟವನ್ನು ಉಳಿಸಿದೆ. ನನ್ನ ತಕರಾರು ಒಂದೇ: ಕೃಷಿ ಪ್ರವಾಸ ಎಂದು ಕರೆದು ತೋರಿಸುವುದು ಕಾಫಿ ಹಣ್ಣು ಕೊಯ್ಯುವುದನ್ನು, ಮೆಣಸು ಒಣಗಿಸುವುದನ್ನು. ಮಳೆ ನೀರನ್ನು ತಿಂಗಳುಗಟ್ಟಲೆ ಹಿಡಿದಿಟ್ಟು ನೆಲಕ್ಕೆ ಇಂಗಿಸುತ್ತಿದ್ದ ಗದ್ದೆಯ ಬಳಿ ಯಾರೂ ನಿಲ್ಲಿಸುವುದಿಲ್ಲ. ಕಾವೇರಿ ಹುಟ್ಟುವ ಜಿಲ್ಲೆಯಲ್ಲಿ ಇದು ಸಣ್ಣ ನಷ್ಟವಲ್ಲ.

ಹುತ್ತರಿ ಹೊಸ ಭತ್ತದ ಹಬ್ಬ. ಅದರ ಮುಹೂರ್ತ ನಿಗದಿಯಾಗುವುದು ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲೇ. ರಾತ್ರಿ ಕುಟುಂಬದವರೆಲ್ಲ ಗದ್ದೆಗೆ ಹೋಗಿ, ಕೋವಿ ಹಾರಿಸಿ, ಕದಿರು ಕೊಯ್ದು ಮನೆಗೆ ತರಬೇಕು. ಗದ್ದೆಯೇ ಪಾಳು ಬಿದ್ದರೆ ಕದಿರು ಎಲ್ಲಿಂದ ಎಂದು ಕೇಳಿದೆ.

ಹಿರಿಯರು ತೋಟದಂಚಿಗೆ ಕರೆದೊಯ್ದು ಕೈ ತೋರಿಸಿದರು. ಹುಲ್ಲಿನ ನಡುವೆ, ತಂತಿ ಬೇಲಿಯೊಳಗೆ, ಒಂದೇ ಒಂದು ಮಡಿ ಭತ್ತ. “ಅಷ್ಟು ಮಾತ್ರ ಬಿಟ್ಟಿಲ್ಲ. ಆ ರಾತ್ರಿ ಅಕ್ಕಪಕ್ಕದ ಮನೆಯವರೂ ಇಲ್ಲಿಗೇ ಬರ್ತಾರೆ.”