ಬಾಗಿಲು ಹಾಕಿದ ಒಂದು ಪುಸ್ತಕದಂಗಡಿ

ಬೆಂಗಳೂರಿನ ಹಳೆಯ ಪೇಟೆಯಲ್ಲಿ ಸಂಚರಿಸುವವರಿಗೆ ಅಲ್ಲಿಯ ಬೀದಿಗಳ ಹೆಸರುಗಳೇ ಒಂದು ಚರಿತ್ರೆಯನ್ನು ಹೇಳುತ್ತವೆ. ಅಕ್ಕಿಪೇಟೆ, ರಾಗಿಪೇಟೆ, ಅರಳೇಪೇಟೆ, ಬಳೇಪೇಟೆ, ತರಗುಪೇಟೆ, ಕುಂಬಾರಪೇಟೆ ಎಂಬ ಹೆಸರುಗಳಿಂದ, ಕೆಂಪೇಗೌಡರ ಆ ಊರಿನಲ್ಲಿ ಯಾವ ಸರಕು ಎಲ್ಲಿ ದೊರೆಯುತ್ತಿದ್ದಿತೆಂಬುದನ್ನು ಇಂದಿಗೂ ಊಹಿಸಬಹುದು. ಆದರೆ ಅರಳೇಪೇಟೆಯಲ್ಲಿ ಅರಳೆಯನ್ನು ತೂಗಿದ ವರ್ತಕನೊಬ್ಬನ ಹೆಸರನ್ನಾಗಲಿ, ಅವನು ಗಿರಾಕಿಗಳೊಡನೆ ನಡೆದುಕೊಂಡ ರೀತಿಯನ್ನಾಗಲಿ ಹೇಳಬಲ್ಲವರು ವಿರಳ. ಶಾಸನಗಳಲ್ಲಿಯೂ ಸ್ಥಿತಿಯು ಹೆಚ್ಚು ಬೇರೆಯಲ್ಲ. ಅಯ್ಯಾವೊಳೆಯ ಐನೂರ್ವರೆಂಬ ಪ್ರಖ್ಯಾತ ವರ್ತಕಸಂಘದವರು ದೇವಾಲಯಕ್ಕೆ ದತ್ತಿಯನ್ನು ಬಿಟ್ಟ ದಿನ ಕಲ್ಲಿನ ಮೇಲೆ ಕಾಣಿಸಿಕೊಂಡರು. ಉಳಿದ ದಿನಗಳಲ್ಲಿ ಅವರು ಅಂಗಡಿಯಲ್ಲಿ ಕುಳಿತು ಹೇಗೆ ಮಾತನಾಡಿದರು, ಯಾರಿಗೆ ಸಾಲ ಕೊಟ್ಟರು, ಯಾರ ಮಾತನ್ನು ನಂಬಿದರು ಎಂಬ ವಿಷಯದಲ್ಲಿ ಕಲ್ಲು ಮೌನವಾಗಿದೆ.

ಅರಮನೆಗೆ ಜನ್ಮದಲ್ಲಿ ಒಮ್ಮೆ ಹೋದವನೂ ಅಂಗಡಿಗೆ ವಾರಕ್ಕೊಮ್ಮೆಯಾದರೂ ಹೋಗಿಯೇ ಇರುತ್ತಾನೆ. ಹೀಗಿದ್ದರೂ ಅರಮನೆಗೆ ಚರಿತ್ರೆಯುಂಟು, ಅಂಗಡಿಗೆ ಇಲ್ಲ. ಬಾಗಿಲು ಹಾಕಿದ ಅಂಗಡಿಯು ಅದರಲ್ಲಿ ವ್ಯಾಪಾರ ಮಾಡಿದವರ ನೆನಪಿನಲ್ಲಿ ಮಾತ್ರ ಕೆಲವು ಕಾಲ ಬದುಕಿದ್ದು, ಅವರೊಡನೆಯೇ ಅಳಿಯುತ್ತದೆ. ಹಾಗೆ ಅಳಿಯದೆ ಉಳಿಯಲು ಯೋಗ್ಯವಾದ ಅಂಗಡಿಗಳಲ್ಲೊಂದು ಬೆಂಗಳೂರಿನ ದಂಡು ಪ್ರದೇಶದಲ್ಲಿ, ಮ್ಯೂಸಿಯಂ ರಸ್ತೆಗೂ ಚರ್ಚ್ ಸ್ಟ್ರೀಟಿಗೂ ಸಮೀಪದಲ್ಲಿ, 1971ರಿಂದ 2009ರ ವರೆಗೆ ನಡೆದ ಪ್ರೀಮಿಯರ್ ಬುಕ್‌ಶಾಪ್.

ಕನ್ನಡ ನಾಡಿನಲ್ಲಿ ಪುಸ್ತಕವು ಮಾರಾಟದ ಸರಕಾದುದು ಬಹು ಪುರಾತನವಾದ ಸಂಗತಿಯಲ್ಲ. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಪ್ರಸಿದ್ಧವಾಗಿದೆ. ಓಲೆಯ ಕಾಲದಲ್ಲಿ ಗ್ರಂಥವು ದಾನದಿಂದಲೋ ಗುರುವಿನ ಅನುಗ್ರಹದಿಂದಲೋ ಕೈಸೇರುತ್ತಿದ್ದಿತು. ಮುದ್ರಣಯಂತ್ರವು ಬಂದ ತರುವಾಯ, ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1841ರಲ್ಲಿ ಮುದ್ರಣಾಲಯವನ್ನು ತೆರೆದ ಕಾಲದಿಂದ ಮುಂದಕ್ಕೆ, ಪುಸ್ತಕಕ್ಕೆ ಬೆಲೆಯೊಂದು ಗೊತ್ತಾಯಿತು. ಬೆಲೆಯಾದ ಮೇಲೆ ಮಾರುವವನೂ ಬೇಕಾಯಿತು. ಗಳಗನಾಥರಂತಹ ಹಿರಿಯ ಕಾದಂಬರಿಕಾರರು ತಾವೇ ಪುಸ್ತಕದ ಗಂಟನ್ನು ಹೊತ್ತು ಊರೂರು ಅಲೆದು ಮಾರಿದರೆಂಬುದನ್ನು ನೆನೆದರೆ, ಒಳ್ಳೆಯ ಪುಸ್ತಕದಂಗಡಿಯು ಎಷ್ಟು ದುರ್ಲಭವಾಗಿದ್ದಿತೆಂಬುದು ಮನದಟ್ಟಾಗುವುದು.

ಬೆಂಗಳೂರಿನಲ್ಲಿ 1809ರಲ್ಲಿ ಇಂಗ್ಲಿಷರ ದಂಡು ನೆಲೆಸಿದುದರಿಂದ ಊರು ಎರಡಾಯಿತು. ಪೇಟೆಯಲ್ಲಿ ಕನ್ನಡದ ಪುಸ್ತಕಗಳೂ ಶಾಲೆಯ ಪಠ್ಯಗಳೂ ಸಿಕ್ಕಿದರೆ, ದಂಡಿನಲ್ಲಿ ಇಂಗ್ಲಿಷ್ ಗ್ರಂಥಗಳು ದೊರೆಯುತ್ತಿದ್ದುವು. 1844ರಲ್ಲಿ ಮದರಾಸಿನಲ್ಲಿ ಪ್ರಾರಂಭವಾದ ಹಿಗ್ಗಿನ್‌ಬಾಥಮ್ಸ್ ಸಂಸ್ಥೆಯು, ಈಗ ಮಹಾತ್ಮಾ ಗಾಂಧಿ ರಸ್ತೆಯೆನಿಸಿಕೊಂಡಿರುವ ಸೌತ್ ಪರೇಡಿನಲ್ಲಿ, 1905ರಲ್ಲಿ ತನ್ನ ಅಂಗಡಿಯನ್ನು ಸ್ಥಾಪಿಸಿತು. ಎರಡು ಊರುಗಳೂ 1949ರಲ್ಲಿ ಒಂದೇ ನಗರಸಭೆಗೆ ಸೇರಿದುವಾದರೂ, ಬಸವನಗುಡಿಯ ವಿದ್ಯಾರ್ಥಿಗೆ ದಂಡಿನ ಅಂಗಡಿಯ ಗಾಜಿನ ಬಾಗಿಲನ್ನು ತಳ್ಳಲು ಇದ್ದ ಸಂಕೋಚವು ನಗರಸಭೆಯ ನಿರ್ಣಯದಿಂದ ಹೋಗತಕ್ಕುದಾಗಿರಲಿಲ್ಲ. ಆ ಸಂಕೋಚವನ್ನು ಕಳೆಯಲು ಬೇರೊಂದು ಬಗೆಯ ಅಂಗಡಿಯು ಬೇಕಾಗಿದ್ದಿತು.

ಅಂತಹ ಅಂಗಡಿಯ ಮೂಲವು ಮುಂಬಯಿಯಲ್ಲಿದೆ. ಟಿ. ಎನ್. ಶಾನಭಾಗರು ವಿದ್ಯಾರ್ಥಿಯಾಗಿದ್ದಾಗ ಆ ನಗರದ ಒಂದು ಪುಸ್ತಕದಂಗಡಿಯಲ್ಲಿ ಗ್ರಂಥಗಳನ್ನು ಮುಟ್ಟಿ ನೋಡುತ್ತಿರಲು, ಅಲ್ಲಿಯ ನೌಕರರು ಅವರನ್ನು ಅನಾದರದಿಂದ ಕಂಡರೆಂದೂ, ಆ ನೋವಿನಿಂದಲೇ ಯಾರೂ ನಿರಾತಂಕವಾಗಿ ಪುಸ್ತಕ ಮುಟ್ಟಬಹುದಾದ ಅಂಗಡಿಯನ್ನು ತೆರೆಯುವ ಸಂಕಲ್ಪವು ಹುಟ್ಟಿತೆಂದೂ ಪ್ರತೀತಿಯಿದೆ. 1948ರಲ್ಲಿ ಕೊಲಾಬಾದ ಸ್ಟ್ರಾಂಡ್ ಸಿನಿಮಾಮಂದಿರದೊಳಗಿನ ಒಂದು ಸಣ್ಣ ಜಾಗದಲ್ಲಿ ಅವರು ಆರಂಭಿಸಿದ ಸ್ಟ್ರಾಂಡ್ ಬುಕ್ ಸ್ಟಾಲ್ ಮುಂದೆ ಕೋಟೆ ಪ್ರದೇಶದ ಸರ್ ಪಿ. ಎಂ. ರಸ್ತೆಗೆ ಬಂದು, ದೇಶದಲ್ಲೆಲ್ಲಾ ಖ್ಯಾತವಾಯಿತು. ಗಿರಾಕಿಯು ಕೇಳದೆಯೇ ಬೆಲೆಯಲ್ಲಿ ಸೋಡಿ ಬಿಡುವುದು ಅಲ್ಲಿಯ ವಾಡಿಕೆ. 2003ರಲ್ಲಿ ಸರ್ಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು. ಪುಸ್ತಕ ಬರೆದವರಿಗೆ ಸಲ್ಲುವ ಮನ್ನಣೆಯು ಪುಸ್ತಕ ಮಾರಿದವರಿಗೂ ಸಂದುದು ಅಪರೂಪದ ವಿಷಯ.

ಈ ಅಂಗಡಿಯಲ್ಲಿ ಕಸುಬನ್ನು ಕಲಿತವರಲ್ಲಿ ಟಿ. ಎನ್. ಶಾನಭಾಗರ ಸಮೀಪದ ಬಂಧುಗಳಾದ ಟಿ. ಎಸ್. ಶಾನಭಾಗರೂ ಒಬ್ಬರು. ವಿದ್ಯೆಯು ಗುರುವಿನ ಮನೆಯಲ್ಲಿದ್ದು ಸೇವೆ ಮಾಡುವುದರಿಂದ ಬರುವುದೆಂಬ ಪ್ರಾಚೀನರ ಅಭಿಪ್ರಾಯವು ಶಾಸ್ತ್ರಪಾಠಕ್ಕೆ ಮಾತ್ರ ಸಲ್ಲುವುದಲ್ಲ. ಯಾವ ಪುಸ್ತಕ ಎಲ್ಲಿದೆ, ಯಾವುದನ್ನು ಯಾರ ಕೈಯಲ್ಲಿಡಬೇಕು, ಯಾವಾಗ ಮಾತನಾಡಬೇಕು, ಯಾವಾಗ ಸುಮ್ಮನಿರಬೇಕು ಎಂಬುದನ್ನು ಕಲಿಸುವ ಗ್ರಂಥವಿಲ್ಲ. ಅದನ್ನು ನೋಡಿಯೇ ಕಲಿಯಬೇಕು. ಹಾಗೆ ಕಲಿತು ಬಂದ ಟಿ. ಎಸ್. ಶಾನಭಾಗರು 1971ರಲ್ಲಿ ಬೆಂಗಳೂರಿನಲ್ಲಿ ಪ್ರೀಮಿಯರ್ ಅಂಗಡಿಯನ್ನು ತೆರೆದರು.

ಅಂಗಡಿಯು ಚಿಕ್ಕದು, ಪುಸ್ತಕಗಳು ಅಪಾರ. ಗೋಡೆಯ ಕಪಾಟುಗಳು ತುಂಬಿದ ಮೇಲೆ ಅವು ನೆಲದಿಂದಲೇ ಒಂದರ ಮೇಲೊಂದಾಗಿ ಕಂಬಗಳಂತೆ ಬೆಳೆದುವು. ನಡುವೆ ಉಳಿದ ಓಣಿಯಲ್ಲಿ ಇಬ್ಬರು ಎದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕು. ಕೆಳಗಿನ ಪುಸ್ತಕವೊಂದನ್ನು ಎಳೆದರೆ ಮೇಲಿನದೆಲ್ಲ ತಲೆಯ ಮೇಲೆ ಬೀಳುವುದೋ ಎಂಬ ಭಯವು ಹೊಸಬರಿಗೆ ಸಹಜವಾಗಿದ್ದಿತು. ಇಷ್ಟು ಗೊಂದಲದ ನಡುವೆ ಬಾಗಿಲ ಬಳಿಯ ಸಣ್ಣ ಮೇಜಿನ ಹಿಂದೆ ಕುಳಿತಿರುತ್ತಿದ್ದ ಮಿತಭಾಷಿಯಾದ ಆ ಗೃಹಸ್ಥರಿಗೆ ಮಾತ್ರ ಯಾವ ಗೊಂದಲವೂ ಇರಲಿಲ್ಲ. ಗಿರಾಕಿಯು ಪುಸ್ತಕದ ಹೆಸರನ್ನು ಹೇಳುವುದೇ ತಡ, ಎದ್ದು ಬಂದು, ಮುಂದಿನ ಸಾಲಿನ ಹಿಂದಿನಿಂದ ಅದನ್ನು ತೆಗೆದುಕೊಡುತ್ತಿದ್ದರು. ಅಂಗಡಿಯ ಪಟ್ಟಿಯೆಂಬುದು ಅವರ ಸ್ಮೃತಿಯಲ್ಲಿಯೇ ಇದ್ದಿತು. ರಶೀದಿಯನ್ನು ಬರೆಯುವಾಗ ಸೋಡಿಯನ್ನು ಕಳೆದೇ ಮೊತ್ತ ಹೇಳುವುದು ಮುಂಬಯಿಯಿಂದ ಬಂದ ಸಂಪ್ರದಾಯ.

ಅಲ್ಲಿ ವ್ಯಾಪಾರ ಮಾಡಿದವರ ನೆನಪುಗಳಲ್ಲಿ ಮೂರು ಸಂಗತಿಗಳು ಮತ್ತೆ ಮತ್ತೆ ಬರುತ್ತವೆ. ಮೊದಲನೆಯದು, ಕೊಳ್ಳದೆ ಓದುತ್ತ ನಿಂತ ಹುಡುಗರನ್ನು ಅವರು ಎಬ್ಬಿಸುತ್ತಿರಲಿಲ್ಲವೆಂಬುದು. ಎರಡನೆಯದು, ಕೈಯಲ್ಲಿ ಹಣ ಸಾಲದ ವಿದ್ಯಾರ್ಥಿಗೆ ಪುಸ್ತಕವನ್ನು ಕೊಟ್ಟು, ಆಮೇಲೆ ತಂದುಕೊಡಿರೆಂದು ಹೇಳುತ್ತಿದ್ದರೆಂಬುದು. ಮೂರನೆಯದು, ಹಿಂದಿನ ಸಲ ಒಯ್ದ ಪುಸ್ತಕವನ್ನು ನೆನಪಿನಲ್ಲಿಟ್ಟುಕೊಂಡು, ಅದಕ್ಕೆ ಸಂಬಂಧಪಟ್ಟ ಹೊಸ ಪುಸ್ತಕ ಬಂದಾಗ ಸದ್ದಿಲ್ಲದೆ ಮುಂದಿಡುತ್ತಿದ್ದರೆಂಬುದು. ಚರಿತ್ರಕಾರರಾದ ರಾಮಚಂದ್ರ ಗುಹಾ ಅವರು ಈ ಅಂಗಡಿಯ ಋಣವನ್ನು ತಮ್ಮ ಬರಹಗಳಲ್ಲಿ ಸ್ಮರಿಸಿದ್ದಾರೆ. ಯು. ಆರ್. ಅನಂತಮೂರ್ತಿ, ಗಿರೀಶ ಕಾರ್ನಾಡ ಮುಂತಾದವರೂ ಅಲ್ಲಿಗೆ ಬರುತ್ತಿದ್ದರು. ಆದರೆ ಅಂಗಡಿಯ ಹಿರಿಮೆಯನ್ನು ಪ್ರಸಿದ್ಧರ ಬರವಿನಿಂದ ಅಳೆಯುವುದು ಸರಿಯಲ್ಲ. ಪ್ರಸಿದ್ಧರನ್ನು ಎಲ್ಲ ಅಂಗಡಿಯವರೂ ಎದ್ದು ಸ್ವಾಗತಿಸುತ್ತಾರೆ. ಬರಿಗೈಯ ಹುಡುಗನನ್ನು ಅದೇ ಮರ್ಯಾದೆಯಿಂದ ಕಂಡಾಗಲೇ ಅಂಗಡಿಯು ಪಾಠಶಾಲೆಯಾಗುವುದು.

ಈ ಪಾಠಶಾಲೆಯು 2009ರಲ್ಲಿ ಮುಚ್ಚಿತು. ಆ ವರ್ಷವು ಆ ಪ್ರದೇಶಕ್ಕೆ ವಿಯೋಗದ ವರ್ಷವೇ ಆಗಿದ್ದಿತು. ಮಹಾತ್ಮಾ ಗಾಂಧಿ ರಸ್ತೆಯಲ್ಲಿ ಅರ್ಧ ಶತಮಾನಕ್ಕೂ ಮೀರಿ ನಡೆದ ಇಂಡಿಯಾ ಕಾಫಿ ಹೌಸ್ ಅದೇ ವರ್ಷ ಅಲ್ಲಿಂದ ಎದ್ದು ಚರ್ಚ್ ಸ್ಟ್ರೀಟಿಗೆ ಹೋಯಿತು. 2011ರ ಅಕ್ಟೋಬರಿನಲ್ಲಿ ಸಂಚಾರವನ್ನಾರಂಭಿಸಿದ ಮೆಟ್ರೋ ರೈಲಿನ ಕಾಮಗಾರಿಯು ಆ ರಸ್ತೆಯ ಒಂದು ಮಗ್ಗುಲನ್ನೆಲ್ಲ ಆಗ ಅಗೆದಿದ್ದಿತು. ನಗರದ ನಡುವಣ ನೆಲದ ಬೆಲೆ ಏರಿದಂತೆ, ಅಲ್ಪಲಾಭದ ಸಣ್ಣ ಅಂಗಡಿಗಳು ಉಳಿಯುವುದು ದುಸ್ತರವಾಗುತ್ತ ಬಂದಿತು. ಶಾನಭಾಗರಿಗೂ ವಯಸ್ಸು ಎಪ್ಪತ್ತನ್ನು ದಾಟಿದ್ದಿತು. ಒಬ್ಬರ ಸ್ಮೃತಿಯಿಂದಲೇ ನಡೆಯುತ್ತಿದ್ದ ಅಂಗಡಿಯನ್ನು ಬೇರೊಬ್ಬರಿಗೆ ವಹಿಸಿಕೊಡುವುದು ಸುಲಭವೂ ಅಲ್ಲ.

ಇದಕ್ಕೆ ಎರಡು ವರ್ಷ ಮೊದಲು, 2007ರ ಅಕ್ಟೋಬರಿನಲ್ಲಿ, ಅದೇ ಬೆಂಗಳೂರಿನ ಕೋರಮಂಗಲದಲ್ಲಿ ಇಬ್ಬರು ತರುಣ ಇಂಜಿನಿಯರರು ಫ್ಲಿಪ್‌ಕಾರ್ಟ್ ಎಂಬ ಉದ್ಯಮವನ್ನು ಸ್ಥಾಪಿಸಿ, ಅಂತರಜಾಲದ ಮೂಲಕ ಪುಸ್ತಕಗಳನ್ನು ಮಾರತೊಡಗಿದ್ದರು. ಅಮೆಜಾನ್ ಸಂಸ್ಥೆಯು 2013ರಲ್ಲಿ ಈ ದೇಶದಲ್ಲಿ ವ್ಯಾಪಾರಕ್ಕೆ ತೊಡಗಿತು. ಇವರು ಬಿಟ್ಟ ಸೋಡಿಯ ಮುಂದೆ ಹಳೆಯ ಅಂಗಡಿಗಳ ಸೋಡಿಯು ನಿಲ್ಲುವಂತಿರಲಿಲ್ಲ. ಟಿ. ಎನ್. ಶಾನಭಾಗರು 2009ರಲ್ಲಿಯೇ ದಿವಂಗತರಾಗಿದ್ದರು. ಅವರ ಸ್ಟ್ರಾಂಡ್ ಅಂಗಡಿಯು 2018ರ ಫೆಬ್ರವರಿಯಲ್ಲಿ ಮುಚ್ಚಿತು. ಗುರುಕುಲವೂ ಶಿಷ್ಯನ ಶಾಲೆಯೂ ಹೀಗೆ ಹತ್ತು ವರ್ಷಗಳೊಳಗೆ ಚರಿತ್ರೆಗೆ ಸೇರಿದುವು. ಟಿ. ಎಸ್. ಶಾನಭಾಗರು 2021ರ ಮೇ ತಿಂಗಳಿನಲ್ಲಿ, ಕೊರೋನಾ ವ್ಯಾಧಿಯ ಹಾವಳಿಯ ಕಾಲದಲ್ಲಿ, ತೀರಿಕೊಂಡರು. ಗುಂಪು ಸೇರಿ ಶೋಕಿಸುವುದಕ್ಕೂ ಅವಕಾಶವಿಲ್ಲದ ಆ ದಿನಗಳಲ್ಲಿ, ಅಂಗಡಿ ಮುಚ್ಚಿ ಹನ್ನೆರಡು ವರ್ಷಗಳಾಗಿದ್ದರೂ, ಹಳೆಯ ಗಿರಾಕಿಗಳು ಪತ್ರಿಕೆಗಳಲ್ಲಿ ಅವರನ್ನು ಕುರಿತು ಬರೆದರು.

ಇಲ್ಲಿ ನ್ಯಾಯದ ಮಾತೊಂದನ್ನು ಹೇಳಲೇಬೇಕು. ಹಳೆಯದೆಲ್ಲ ಒಳ್ಳೆಯದು, ಹೊಸದೆಲ್ಲ ಕೆಟ್ಟದು ಎನ್ನುವುದು ಚರಿತ್ರೆಯಲ್ಲ. ಫ್ಲಿಪ್‌ಕಾರ್ಟಿನವರಿಗೆ ಬಂದ ಮೊತ್ತಮೊದಲಿನ ಗಿರಾಕಿಯು ಬೆಂಗಳೂರಿನವರಾಗಿರದೆ ತೆಲುಗು ನಾಡಿನ ಮಹಬೂಬ್‌ನಗರದವರಾಗಿದ್ದರೆಂಬುದನ್ನು ಗಮನಿಸಬೇಕು. ಪ್ರೀಮಿಯರ್ ಅಂಗಡಿಯ ಸುಖವು ಬೆಂಗಳೂರಿಗೆ ಬರಬಲ್ಲವರ ಸುಖ. ಬೀದರಿನಲ್ಲಿಯೋ ರಾಯಚೂರಿನಲ್ಲಿಯೋ ಇದ್ದ ವಿದ್ಯಾರ್ಥಿಗೆ ಅದು ಕೇಳಿದ ಕಥೆ ಮಾತ್ರ. ಬೇಕೆಂದ ಗ್ರಂಥವು ನಾಲ್ಕು ದಿನಗಳಲ್ಲಿ ಹಳ್ಳಿಯ ಮನೆಯ ಬಾಗಿಲಿಗೆ ಬರುವುದಾದರೆ, ಅದನ್ನು ಹಳಿಯಲು ನಗರವಾಸಿಗಳಿಗೆ ಅಧಿಕಾರವಿಲ್ಲ. ಅಂಗಡಿಗಳ ಕುಲವು ನಾಶವಾಯಿತೆಂಬುದೂ ನಿಜವಲ್ಲ. 2001ರಲ್ಲಿ ಪ್ರಾರಂಭವಾದ ಬ್ಲಾಸಮ್ ಮೊದಲಾದ ಅಂಗಡಿಗಳಿಂದ ಚರ್ಚ್ ಸ್ಟ್ರೀಟ್ ಪ್ರೀಮಿಯರಿನ ತರುವಾಯವೂ ಪುಸ್ತಕದ ಬೀದಿಯಾಗಿಯೇ ಬೆಳೆಯಿತು.

ಹಾಗಾದರೆ ಕಳೆದುದು ಯಾವುದು? ಬೇಕೆಂದು ತಿಳಿದಿರುವ ಪುಸ್ತಕವನ್ನು ತರಿಸಿಕೊಳ್ಳುವ ಮಾರ್ಗವು ಸುಗಮವಾಯಿತು. ಬೇಕೆಂದು ತನಗೇ ತಿಳಿಯದಿದ್ದ ಪುಸ್ತಕವನ್ನು ಒಬ್ಬ ಹಿರಿಯರು ಎತ್ತಿ ಕೈಯಲ್ಲಿಡುವ ಸಂದರ್ಭವು ವಿರಳವಾಯಿತು. ಯಂತ್ರವೂ ಹಿಂದಿನ ಖರೀದಿಯನ್ನು ನೋಡಿ ಸಲಹೆ ಕೊಡುವುದುಂಟು. ಆದರೆ ಹಣವಿಲ್ಲದವನಿಗೆ, ಆಮೇಲೆ ತಂದುಕೊಡಿ ಎಂದು ಹೇಳುವುದು ಯಂತ್ರದ ಧರ್ಮವಲ್ಲ. ಆ ಮಾತಿನಲ್ಲಿ ಕೊಡುವವನು ಪುಸ್ತಕವೊಂದನ್ನೇ ಕೊಡಲಿಲ್ಲ. ನೀನು ನಂಬಿಕೆಗೆ ಯೋಗ್ಯನೆಂಬ ಅರಿವನ್ನೂ ಕೊಟ್ಟನು. ಇಂತಹ ಅಂಗಡಿಗೆ ಬಂಡವಾಳಕ್ಕಿಂತ ಹೆಚ್ಚಾಗಿ ಒಬ್ಬ ವ್ಯಕ್ತಿಯ ಶೀಲವೇ ಆಧಾರ. ಆದಕಾರಣವೇ ಆ ವ್ಯಕ್ತಿಯು ಎದ್ದುಹೋದಾಗ ಅದು ನಿಲ್ಲುತ್ತದೆ. ಚಂದಾ ಎತ್ತಿ ಅದನ್ನು ಉಳಿಸಲಾಗದು. ಸ್ಮಾರಕ ಕಟ್ಟಿ ಮರಳಿ ಪಡೆಯಲಾಗದು.

ಸಾಧ್ಯವಾದುದು ಒಂದುಂಟು: ಬರೆದಿಡುವುದು. ಇದು ಬೆಂಗಳೂರಿನ ಮಾತು ಮಾತ್ರವಲ್ಲ. ಪ್ರತಿಯೊಂದು ಜಿಲ್ಲೆಯ ಊರಿನಲ್ಲಿಯೂ ಮುಚ್ಚಿಹೋದ ಜವಳಿ ಅಂಗಡಿ, ಗ್ರಂಥಿಗೆ ಅಂಗಡಿ, ಪುಸ್ತಕದಂಗಡಿಗಳಿವೆ. ಅವುಗಳ ಕಿರ್ದಿ ಪುಸ್ತಕಗಳು ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾಗುತ್ತಿವೆ. ಅಲ್ಲಿ ಕೊಂಡವರು ದಿನೇ ದಿನೇ ಕಡಮೆಯಾಗುತ್ತಿದ್ದಾರೆ. ಯಾವ ಅಂಗಡಿ, ಎಲ್ಲಿದ್ದಿತು, ಯಾವ ವರ್ಷ ತೆರೆದು ಯಾವ ವರ್ಷ ಮುಚ್ಚಿತು, ಏನನ್ನು ಮಾರಿತು, ಹೇಗೆ ಮಾರಿತು, ಯಾರಿಗೆ ಕಡ ಕೊಟ್ಟಿತು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ನಾಲ್ಕು ಪುಟ ಬರೆದಿಡುವುದು ಓದುಬರಹ ಬಲ್ಲ ಪ್ರತಿಯೊಂದು ಮನೆಗೂ ಸಾಧ್ಯ. ಅರಳೇಪೇಟೆಯ ವರ್ತಕರ ವಿಷಯದಲ್ಲಿ ಪೂರ್ವಿಕರು ಮಾಡದೆ ಬಿಟ್ಟ ಕೆಲಸವದು. ಕೇಳಬೇಕಾದವರು ಇನ್ನೂ ಇರುವಾಗಲೇ ಅದನ್ನು ಮಾಡಿ ಮುಗಿಸಬೇಕು.