ಸೀಸ ಬೆರೆಸಿಲ್ಲ ತಾನೇ?

ಹೋದ ತಿಂಗಳು ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯೊಂದರಲ್ಲಿ ಸಾಲ್ಡರ್ ವೈರ್ ಕೇಳಿದೆ. "ಸಿಕ್ಸ್ಟಿ-ಫಾರ್ಟಿ ಕೊಡ್ಲಾ ಸಾರ್, ಲೆಡ್-ಫ್ರೀ ಕೊಡ್ಲಾ?" ಅಂದ ಹುಡುಗ. ನಾನು ತಡವರಿಸಿದೆ. ಬಿ.ಇ. ಓದುವಾಗ ಲ್ಯಾಬಿನಲ್ಲಿ ಕೊಟ್ಟಿದ್ದನ್ನು ಕರಗಿಸಿದ್ದೆನೇ ಹೊರತು, ಅದರಲ್ಲಿ ಏನಿದೆ ಅಂತ ಯಾವತ್ತೂ ನೋಡಿರಲಿಲ್ಲ. ಈ ಸಲ ಪಕ್ಕದಲ್ಲಿ ಏಳು ವರ್ಷದ ಮಗಳು ನಿಂತಿದ್ದಳು. ಎಲ್‌ಇಡಿ ಹಾಕಿದ ಆಕಾಶಬುಟ್ಟಿ ನಾವೇ ಮಾಡೋಣ ಅನ್ನೋದು ಅವಳದೇ ಹಠ.

ಹುಡುಗ ಕೇಳಿದ ಪ್ರಶ್ನೆಗೆ ಸುಮಾರು ಎರಡು ಸಾವಿರ ವರ್ಷದ ಇತಿಹಾಸ ಇದೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ತೀರಿಕೊಂಡ ರೋಮನ್ ಲೇಖಕ ಪ್ಲಿನಿ, ನೀರಿನ ಕೊಳವೆಗಳನ್ನು ಬೆಸೆಯಲು ಎರಡು ಪಾಲು ಸೀಸಕ್ಕೆ ಒಂದು ಪಾಲು ತವರ ಸೇರಿಸುತ್ತಾರೆ ಅಂತ ಬರೆದಿಟ್ಟಿದ್ದಾನೆ. ಕೊಳಾಯಿ ರಿಪೇರಿಯವರನ್ನು ನಾವು ಕರೆಯೋ 'ಪ್ಲಂಬರ್' ಅನ್ನೋ ಹೆಸರು ಬಂದಿದ್ದೇ ಸೀಸದ ಲ್ಯಾಟಿನ್ ಹೆಸರು 'ಪ್ಲಂಬಮ್'ನಿಂದ.

ಕೊಳವೆಯವರಿಗೆ ಆ ಪ್ರಮಾಣ ಸರಿಯಾಗೇ ಇತ್ತು. ಅಷ್ಟು ಸೀಸ ಇರುವ ಬೆಸುಗೆ ತಣಿಯುವಾಗ ಒಮ್ಮೆಲೇ ಗಟ್ಟಿಯಾಗುವುದಿಲ್ಲ, ಸ್ವಲ್ಪ ಹೊತ್ತು ರಾಗಿ ಅಂಬಲಿಯ ಹಾಗೆ ಇರುತ್ತದೆ. ಅಷ್ಟರಲ್ಲಿ ಬಟ್ಟೆಯಿಂದ ಒತ್ತಿ ಸಂದು ಮುಚ್ಚಬಹುದು. ಎಲೆಕ್ಟ್ರಾನಿಕ್ಸಿಗೆ ಬೇಕಿರುವುದು ಇದಕ್ಕೆ ತದ್ವಿರುದ್ಧ. ಅಂಬಲಿ ಸ್ಥಿತಿಯಲ್ಲಿ ವೈರ್ ಕೊಂಚ ಅಲುಗಿದರೂ ಒಳಗೆ ಬಿರುಕು ಬೀಳುತ್ತದೆ. ಹೊರಗಿನಿಂದ ಅಂಟಿಕೊಂಡ ಹಾಗೇ ಕಾಣುತ್ತದೆ, ಕರೆಂಟ್ ಮಾತ್ರ ಬಂದು ಹೋಗಿ ಮಾಡುತ್ತದೆ.

ಇದಕ್ಕೆ ಉತ್ತರ ಪ್ರಮಾಣದಲ್ಲೇ ಇದೆ. ಶುದ್ಧ ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸೀಸ 327ರಲ್ಲಿ. ನೂರರಲ್ಲಿ 63 ಪಾಲು ತವರ, 37 ಪಾಲು ಸೀಸ ಬೆರೆಸಿದರೆ ಎರಡೂ ಸೇರಿ 183ಕ್ಕೇ ಕರಗುತ್ತವೆ, ಅಲ್ಲೇ ಗಟ್ಟಿಯಾಗುತ್ತವೆ. ನಡುವೆ ಅಂಬಲಿ ಇಲ್ಲ. ಇಂಥ ಮಿಶ್ರಣಗಳಿಗೆ 'ಯುಟೆಕ್ಟಿಕ್' ಅಂತ ಹೆಸರಿಟ್ಟವನು ಬ್ರಿಟಿಷ್ ವಿಜ್ಞಾನಿ ಫ್ರೆಡರಿಕ್ ಗಥ್ರಿ, 1884ರಲ್ಲಿ. ಗ್ರೀಕಿನಲ್ಲಿ 'ಸುಲಭವಾಗಿ ಕರಗುವುದು' ಅಂತ ಅರ್ಥ. 60/40 ಕೂಡ ಇದರ ಹತ್ತಿರದ ನೆಂಟ. ಅದರ ಅಂಬಲಿ 183ರಿಂದ 190ರವರೆಗೆ ಮಾತ್ರ.

ಇಷ್ಟು ಒಳ್ಳೆಯ ವಸ್ತುವನ್ನು ಮತ್ಯಾಕೆ ಬಿಟ್ಟರು? ಸೀಸ ವಿಷ, ಅದಕ್ಕೆ. ಅಮೆರಿಕ 1986ರಲ್ಲಿ ಕುಡಿಯುವ ನೀರಿನ ಕೊಳವೆಗಳಿಗೆ ಸೀಸದ ಬೆಸುಗೆ ನಿಷೇಧಿಸಿತು. ಯುರೋಪಿನ ಆರ್‌ಒಎಚ್‌ಎಸ್ ನಿಯಮ 2006ರ ಜುಲೈ 1ರಿಂದ ಮಾರುಕಟ್ಟೆಗೆ ಬರುವ ಬಹುತೇಕ ಎಲೆಕ್ಟ್ರಾನಿಕ್ಸ್ ಸಾಮಾನಿಗೆ ಅನ್ವಯಿಸಿತು. ಆಮೇಲೆ ಭಾರತದ ಇ-ತ್ಯಾಜ್ಯ ನಿಯಮಗಳೂ ಸೀಸಕ್ಕೆ ಮಿತಿ ಹಾಕಿದವು. ಕಂಪನಿಗಳು ತವರ, 3% ಬೆಳ್ಳಿ, 0.5% ತಾಮ್ರದ ಮಿಶ್ರಣಕ್ಕೆ ಹೊರಳಿದವು. ಅದು ಕರಗಲು ಸುಮಾರು 217 ಡಿಗ್ರಿ ಬೇಕು, ಬೆಲೆಯೂ ಜಾಸ್ತಿ, ಬೆಸುಗೆ ಸ್ವಲ್ಪ ಮಂಕಾಗಿ ಕಾಣುತ್ತದೆ. ಆದರೆ ಈ ಕಾನೂನುಗಳೆಲ್ಲ ಮಾರುವವರಿಗೆ. ಮನೆಯ ಟೇಬಲ್ ಮೇಲೆ ಭಾನುವಾರ ಬೆಸುಗೆ ಹಾಕುವ ನನ್ನಂಥವನನ್ನು ಕೇಳೋರು ಯಾರೂ ಇಲ್ಲ.

ಕೇಳೋರು ನಮ್ಮೂರಲ್ಲಿ ಒಬ್ಬರಿದ್ದರು. ವರ್ಷಕ್ಕೊಮ್ಮೆ ಕಲಾಯಿ ಸಾಬರು ಬಂದು ಹೊಂಗೆ ಮರದ ಕೆಳಗೆ ತಿದಿ ಹೂಡುತ್ತಿದ್ದರು. ಕಾದ ಪಾತ್ರೆಗೆ ನವಸಾಗರ ಉದುರಿಸಿದರೆ ಬಿಳಿ ಹೊಗೆ ಏಳೋದು. ಅರಳೆಯಿಂದ ತವರ ಉಜ್ಜಿದರೆ ಪಾತ್ರೆ ಒಳಗೆಲ್ಲ ಬೆಳ್ಳಿಯ ಹಾಗೆ ಹೊಳೆಯೋದು. ಆ ನವಸಾಗರ ಮಾಡುತ್ತಿದ್ದ ಕೆಲಸವನ್ನೇ ನಮ್ಮ ಸಾಲ್ಡರ್ ವೈರಿನ ಹೊಟ್ಟೆಯೊಳಗಿನ ಪೈನ್ ಮರದ ರಾಳ ಮಾಡುತ್ತದೆ: ಲೋಹದ ಮೇಲಿನ ಕಿಲುಬು ತೆಗೆಯುವುದು. ಸೀಸ ತವರಕ್ಕಿಂತ ಅಗ್ಗ, ಹಾಗಾಗಿ ಬೆರಕೆ ಮಾಡೋರೂ ಇದ್ದರು. ನಮ್ಮಜ್ಜಿ ಹಂಡೆ ಕೊಡುವ ಮುಂಚೆ ಪ್ರತಿ ವರ್ಷ ಕೇಳೋರು, "ಸಾಬ್ರೇ, ಸೀಸ ಬೆರೆಸಿಲ್ಲ ತಾನೇ? ಮಕ್ಕಳು ಉಣ್ಣೋ ಪಾತ್ರೆ." ಸಾಬರು ನಕ್ಕು, ತವರದ ಕಡ್ಡಿಯನ್ನು ಅವರ ಕೈಗೇ ಕೊಡುತ್ತಿದ್ದರು. ಶಾಲೆಗೇ ಹೋಗದ ಅಜ್ಜಿಗೆ ಗೊತ್ತಿದ್ದ ಪ್ರಶ್ನೆ ಡಿಗ್ರಿ ಇದ್ದ ನನಗೆ ಹೊಳೆದಿರಲಿಲ್ಲ.

ಬೆಸುಗೆ ಹಾಕುವಾಗ ಏಳುವ ಹೊಗೆ ಸೀಸದ್ದಲ್ಲ, ರಾಳದ್ದು. ಸೀಸ ಆವಿಯಾಗಲು ಐರನ್ನಿನ 350 ಡಿಗ್ರಿ ಏನೇನೂ ಸಾಲದು. ಹಾಗಂತ ರಾಳದ ಹೊಗೆಯೂ ಒಳ್ಳೆಯದಲ್ಲ, ಅಸ್ತಮಾ ತರಬಲ್ಲದು, ಕಿಟಕಿ ತೆಗೆದಿರಬೇಕು. ಸೀಸ ಒಳಗೆ ಹೋಗುವುದು ಬೆರಳಿಂದ, ಬೆರಳಿಂದ ತಿಂಡಿಗೆ. ದೊಡ್ಡವನು ಒಬ್ಬನೇ ಕೂತು, ಆಮೇಲೆ ಸೋಪು ಹಾಕಿ ಕೈ ತೊಳೆಯುವುದಾದರೆ, 0.8 ಮಿ.ಮೀ. ದಪ್ಪದ, ರಾಳ ತುಂಬಿದ 63/37 ಕಲಿಯಲು ಸುಲಭ. ಮಕ್ಕಳ ವಿಷಯದಲ್ಲಿ ಮಾತ್ರ ಸೀಸಕ್ಕೆ ಸುರಕ್ಷಿತ ಮಿತಿ ಅಂತ ಯಾವುದೂ ಗೊತ್ತಾಗಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಲೆಡ್-ಫ್ರೀ ತಗೊಂಡೆ. ಮೊದಲ ನಾಲ್ಕು ಬೆಸುಗೆ ಕೆಟ್ಟವು, ಐರನ್ ಬಿಸಿ ಹೆಚ್ಚಿಸಿದ ಮೇಲೆ ಐದನೆಯದು ಹಿಡಿಯಿತು. ಆಕಾಶಬುಟ್ಟಿ ಬಾಲ್ಕನಿಯಲ್ಲಿ ಉರಿಯುತ್ತಿದೆ. ಮಗಳು ಕೈ ತೊಳೆಯದೇ ಚಕ್ಕುಲಿಗೆ ಕೈ ಹಾಕಿದಳು, ಎಷ್ಟಾದರೂ ಮಕ್ಕಳು.