ಉಪ್ಪು, ಭಂಗಿ ಮತ್ತು ಒಂದು ದಂಡದ ರಸೀದಿ

ಕಳೆದ ಶ್ರಾವಣದಲ್ಲಿ ಹೊಳನಗದ್ದೆಯ ತವರುಮನೆಗೆ ಹೋದಾಗ ಪಕ್ಕದ ಮನೆಯ ಅಕ್ಕ ಒಂದು ಪ್ಲಾಸ್ಟಿಕ್ ಚೀಲ ಹಿಡಿದುಕೊಂಡು ಬಂದಳು. ಅದರೊಳಗೆ ಮಗನ ಮಾರ್ಕ್ಸ್‌ಕಾರ್ಡು, ಆಧಾರ್ ಕಾರ್ಡು, ಪಾಸ್‌ಪೋರ್ಟ್ ಅಳತೆಯ ನಾಲ್ಕು ಫೋಟೋ. ಎಲ್ಲಕ್ಕೂ ಕೆಳಗೆ ನಾಲ್ಕಾಗಿ ಮಡಚಿದ ಒಂದು ರಸೀದಿ. ಆರು ವರ್ಷಗಳ ಹಿಂದೆ ಕೋರ್ಟಿನಲ್ಲಿ ದಂಡ ಕಟ್ಟಿದ್ದರ ರಸೀದಿ ಅದು.

“ಗಲ್ಫಿನಲ್ಲಿ ಕೆಲಸ ಸಿಕ್ಕಿತ್ತು. ಪೊಲೀಸರ ಸರ್ಟಿಫಿಕೇಟು ಬೇಕು ಅಂದರು. ಅದರಲ್ಲಿ ಇವನಿಗೆ ಶಿಕ್ಷೆಯಾಗಿದೆ ಅಂತ ಬರೀತಾರಂತೆ. ದಂಡ ಕಟ್ಟಿ ಮುಗಿಸಿದ್ದಲ್ವೇನೇ? ಮತ್ತೆ ಯಾಕೆ ಕೇಳ್ತಾರೆ?” ಎಂದಳು.

ನನಗೆ ಉತ್ತರ ಹೊಳೆಯಲಿಲ್ಲ. ಏಕೆಂದರೆ ದಂಡ ಕಟ್ಟಿ ಮುಗಿಸಿಬಿಡಿ ಎಂದು ಅಂದು ಹೇಳಿದವಳು ನಾನೇ.

ಹುಡುಗನಿಗೆ ಆಗ ಇಪ್ಪತ್ತು ತುಂಬಿತ್ತಷ್ಟೇ. ಗೆಳೆಯರ ಜೊತೆ ಊರು ಸುತ್ತಲು ಹೋದವನು ಯಾರೋ ಕೊಟ್ಟದ್ದನ್ನು ಸೇದಿದ. ಪೊಲೀಸರು ಹಿಡಿದರು, ಪರೀಕ್ಷೆಯಾಯಿತು, ಗಾಂಜಾ ಸೇವನೆಯ ಕೇಸು ಬಿತ್ತು. ಕೇಸು ನಡೆಸಿದರೆ ವರ್ಷಗಟ್ಟಲೆ ಓಡಾಟ, ತಪ್ಪೊಪ್ಪಿಕೊಂಡರೆ ದಂಡದಲ್ಲಿ ಮುಗಿಯುತ್ತದೆ ಎಂದು ವಕೀಲರು ಹೇಳಿದರಂತೆ. ಅಕ್ಕ ಹುಬ್ಬಳ್ಳಿಗೆ ಫೋನು ಮಾಡಿದಳು. ಕೇರಿಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಹೆಣ್ಣೆಂದರೆ ನಾನು ತಾನೇ? ನಾನು ಒಂದು ಪ್ರಶ್ನೆಯನ್ನೂ ಕೇಳದೆ, ಒಲೆಯ ಮೇಲೆ ಹಾಲಿಟ್ಟುಕೊಂಡೇ, “ಕಟ್ಟಿಬಿಡಿ, ಮರ್ಯಾದೆ ಉಳಿಯಲಿ” ಎಂದೆ.

ತವರಿನಿಂದ ಬಂದ ಮೇಲೆ ಓದತೊಡಗಿದೆ. ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತ ಎನ್ನಿ.

ಮೊದಲು ನೆನಪಾದದ್ದು ಅಜ್ಜಿಯ ತಗಡಿನ ಡಬ್ಬಿ. ಅದರಲ್ಲಿ ಒಣಶುಂಠಿ, ಬಜೆ, ಜಾಯಿಕಾಯಿಗಳ ಜೊತೆ ಒಂದು ಕಾಗದದ ಪೊಟ್ಟಣದಲ್ಲಿ ಒಣಗಿದ ಭಂಗಿಸೊಪ್ಪೂ ಇರುತ್ತಿತ್ತು. ಕೊಟ್ಟಿಗೆಯಲ್ಲಿ ದನ ಮೇವು ಬಿಟ್ಟರೆ ಬೆಲ್ಲದಲ್ಲಿ ಚಿಟಿಕೆಯಷ್ಟು ಕಲಸಿ ತಿನ್ನಿಸುತ್ತಿದ್ದಳು. ಮಕ್ಕಳು ಮುಟ್ಟಿದರೆ ಕೈಮೇಲೆ ಏಟು. ಅವಳ ಮಟ್ಟಿಗೆ ಅದು ಪಾಪವೂ ಅಲ್ಲ, ಪ್ರಸಾದವೂ ಅಲ್ಲ, ಜೋಪಾನವಾಗಿಡಬೇಕಾದ ಮದ್ದು. ಆಯುರ್ವೇದದಲ್ಲಿ ಇದೇ ಗಿಡಕ್ಕೆ ವಿಜಯಾ ಎಂಬ ಹೆಸರಿದೆಯೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಈ ಗಿಡದ ಮೇಲೆ ಸರ್ಕಾರದ ಕಣ್ಣು ಬಿದ್ದದ್ದು ಇಂದು ನಿನ್ನೆಯಲ್ಲ. ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲಕ್ಕೆ ಗಾಂಜಾ, ಭಂಗಿಗಳ ಮಾರಾಟ ಲೈಸೆನ್ಸು ಪಡೆದ ಅಂಗಡಿಗಳಲ್ಲಿ ನಡೆಯುತ್ತಿತ್ತು, ಸರ್ಕಾರಕ್ಕೆ ತೆರಿಗೆ ಬರುತ್ತಿತ್ತು. 1893ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಪಾನವಿರೋಧಿ ಸದಸ್ಯ ಕೇನ್ ಎಂಬವರು ಪ್ರಶ್ನೆ ಎತ್ತಿದರು: ಇದರಿಂದ ಭಾರತದ ಜನ ಹುಚ್ಚರಾಗುತ್ತಿದ್ದಾರಲ್ಲವೇ? ಅದರ ಮೇಲೆ ಏಳು ಜನರ ಒಂದು ಆಯೋಗ ನೇಮಕವಾಯಿತು. ಮೂವರು ಭಾರತೀಯರು, ಹೆಂಗಸರು ಒಬ್ಬರೂ ಇಲ್ಲ. ಆಯೋಗ ದೇಶ ಸುತ್ತಿ 1,193 ಸಾಕ್ಷಿಗಳ ಹೇಳಿಕೆ ಪಡೆದು 1894ರಲ್ಲಿ ವರದಿ ಕೊಟ್ಟಿತು. ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಹಾನಿಯಿಲ್ಲ, ಅತಿಯಾದರೆ ಕೆಡುಕು. ನಿಷೇಧ ಬೇಡ, ತೆರಿಗೆ ಮತ್ತು ನಿಯಂತ್ರಣ ಸಾಕು ಎಂಬುದು ಅದರ ಸಾರ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಸಂಗತಿ. ಹುಚ್ಚಾಸ್ಪತ್ರೆಗಳ ದಾಖಲೆಗಳನ್ನು ಆಯೋಗ ಒಂದೊಂದಾಗಿ ತೆರೆಸಿ ನೋಡಿತು. 1892ರಲ್ಲಿ ಸೇರಿದ 1,344 ರೋಗಿಗಳಲ್ಲಿ 222 ಜನರ ‘ಕಾರಣ’ದ ಕಾಲಂನಲ್ಲಿ ಗಾಂಜಾ, ಭಂಗಿಗಳ ಹೆಸರಿತ್ತು. ವಿಚಾರಿಸಿದಾಗ ಆ ಮಾತು 98 ಜನರ ಮಟ್ಟಿಗೆ ಮಾತ್ರ ನಿಂತಿತು. ಉಳಿದವರದ್ದು? ರೋಗಿಯನ್ನು ಕರೆತಂದ ಪೊಲೀಸನೋ ಗುಮಾಸ್ತನೋ ಕಾಲಂ ಖಾಲಿ ಬಿಡಬಾರದೆಂದು ಬರೆದದ್ದು. ಒಮ್ಮೆ ಬರೆದ ಮೇಲೆ ಅದೇ ನಿಜವಾಯಿತು, ಅದೇ ಅಂಕಿಸಂಖ್ಯೆಯಾಗಿ ಪಾರ್ಲಿಮೆಂಟಿನವರೆಗೂ ಹೋಯಿತು. ಒಂದು ಕಾಲಂನಲ್ಲಿ ಬಿದ್ದ ಒಂದು ಶಬ್ದ ಮನುಷ್ಯನ ಬೆನ್ನು ಬಿಡುವುದಿಲ್ಲ ಎನ್ನುವುದಕ್ಕೆ ಅಕ್ಕನ ಪ್ಲಾಸ್ಟಿಕ್ ಚೀಲವೊಂದೇ ಸಾಕ್ಷಿಯಲ್ಲ ನೋಡಿ.

ಸ್ವಾತಂತ್ರ್ಯ ಬಂದ ಮೇಲೆ ಕಾನೂನು ಬಿಗಿಯಾಗುತ್ತ ಹೋಯಿತು. 1949ರಲ್ಲಿ ಮುಂಬಯಿಯ ಪಾನನಿರೋಧ ಕಾಯ್ದೆ ಬಂತು. 1956ರಲ್ಲಿ ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ 1965ರ ಅಬಕಾರಿ ಕಾಯ್ದೆ ಬಂತು. 1961ರ ಅಂತರರಾಷ್ಟ್ರೀಯ ಒಪ್ಪಂದ ಗಾಂಜಾವನ್ನು ಅಫೀಮಿನ ಸಾಲಿನಲ್ಲೇ ಕೂರಿಸಿತ್ತು. ಅದಕ್ಕೆ ಹೊಂದಿಕೆಯಾಗಿ ದೇಶಕ್ಕೆಲ್ಲ ಒಂದೇ ಆದ ಮಾದಕದ್ರವ್ಯ ಕಾಯ್ದೆ 1985ರ ನವೆಂಬರ್ 14ರಂದು ಜಾರಿಗೆ ಬಂತು. ಅದರಲ್ಲೂ ಒಂದು ಕಿಂಡಿ ಉಳಿಯಿತು. ಗಿಡದ ಹೂತೆನೆ ಗಾಂಜಾ, ಅಪರಾಧ. ತೆನೆಯಿಲ್ಲದ ಬರೀ ಎಲೆ ಮತ್ತು ಬೀಜ ಆ ವ್ಯಾಖ್ಯೆಯಿಂದ ಹೊರಗೆ. ಅದರಿಂದಲೇ ಕಾಶಿಯಲ್ಲಿ ಸರ್ಕಾರದ ಲೈಸೆನ್ಸಿನ ಭಂಗಿ ಅಂಗಡಿಗಳಿವೆ. ನಮ್ಮ ಹೈಕೋರ್ಟು ಕೂಡ 2022ರ ಆಗಸ್ಟಿನಲ್ಲಿ ಒಂದು ಜಾಮೀನು ಅರ್ಜಿಯ ತೀರ್ಮಾನದಲ್ಲಿ ಭಂಗಿ ಈ ಕಾಯ್ದೆಯ ಗಾಂಜಾದೊಳಗೆ ಬರುವುದಿಲ್ಲ ಎಂದಿತು. ಯಾದಗಿರಿ ಜಿಲ್ಲೆಯ ತಿಂಥಣಿಯ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗಿ ಸಿಗುತ್ತದೆಂದು 2020ರಲ್ಲಿ ಪತ್ರಿಕೆಗಳು ಬರೆದವು. ಒಂದೇ ಗಿಡ ಒಂದು ಕಡೆ ಪ್ರಸಾದ, ಒಂದು ಕಡೆ ಸರ್ಕಾರದ ಆದಾಯ, ಇನ್ನೊಂದು ಕಡೆ ಇಪ್ಪತ್ತರ ಹುಡುಗನ ಹೆಸರಿನ ಮುಂದೆ ಅಳಿಯದ ಗುರುತು.

ನಾನು ಗಾಂಜಾದ ವಕಾಲತ್ತು ವಹಿಸಿದ್ದೇನೆಂದು ದಯವಿಟ್ಟು ತಿಳಿಯಬೇಡಿ. ಎಳೆಯ ವಯಸ್ಸಿನಲ್ಲಿ ದಿನಾ ಸೇದುವವರ ಮನಸ್ಸು ಕೆಡುವ ಅಪಾಯ ಹೆಚ್ಚೆಂದು ವೈದ್ಯರು ಹೇಳುತ್ತಾರೆ. ಅಂಥ ಒಂದು ಮನೆಯ ಗೋಳನ್ನು ಹತ್ತಿರದಿಂದ ಕಂಡಿದ್ದೇನೆ. ನನ್ನ ಪ್ರಶ್ನೆ ಬೇರೆ. ತಪ್ಪಿಗೆ ಶಿಕ್ಷೆ ಸರಿ. ಶಿಕ್ಷೆ ಮುಗಿದ ಮೇಲೂ ಅದು ಮುಗಿಯಬಾರದೇ? ಕಾನೂನು ತಾನೇ ಮನಸ್ಸು ಬದಲಿಸಿದಾಗ ಹಿಂದಿನವರ ಕಡೆ ತಿರುಗಿ ನೋಡಬೇಡವೇ?

1985ರ ಕಾಯ್ದೆ ತೀರಾ ಕಠಿಣವಾಯಿತೆಂದು ಸರ್ಕಾರಕ್ಕೇ ಅನ್ನಿಸಿ 2001ರಲ್ಲಿ ತಿದ್ದುಪಡಿ ತಂದರು. ಸಿಕ್ಕ ಮಾಲಿನ ತೂಕ ನೋಡಿ ಶಿಕ್ಷೆ ಎಂದಾಯಿತು. ಗಾಂಜಾ ಒಂದು ಕಿಲೋವರೆಗೆ ಅಲ್ಪ ಪ್ರಮಾಣ, ಇಪ್ಪತ್ತು ಕಿಲೋ ಮೀರಿದರೆ ವ್ಯಾಪಾರದ ಪ್ರಮಾಣ. ಈ ತಿದ್ದುಪಡಿ ಜಾರಿಯಾದದ್ದು ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ. ವಿಚಾರಣೆಯಲ್ಲಿದ್ದ ಕೇಸುಗಳಿಗೆ ಅದರ ಲಾಭ ಸಿಕ್ಕಿತು. ಆದರೆ ಶಿಕ್ಷೆಯಾಗಿ ಮೇಲ್ಮನವಿ ಹಾಕಿಕೊಂಡು ಕಾಯುತ್ತಿದ್ದವರಿಗೆ ಇಲ್ಲವೆಂದು ಆ ಕಾಯ್ದೆಯಲ್ಲೇ ಬರೆದಿತ್ತು. 2004ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಬೇಗ ತೀರ್ಪಾದವನಿಗೆ ಹಳೆಯ ಲೆಕ್ಕ, ತಡವಾದವನಿಗೆ ಹೊಸ ಲೆಕ್ಕ.

ಹಿಂದಿರುಗಿ ನೋಡುವುದು ಆಗದ ಮಾತು ಎನ್ನುವ ಹಾಗೂ ಇಲ್ಲ. ಅದು ನಮ್ಮ ಕಡಲ ದಂಡೆಯಲ್ಲೇ ಆಗಿದೆ. ಗೋಕರ್ಣದ ಹತ್ತಿರ ಸಾಣಿಕಟ್ಟೆಯ ಉಪ್ಪಿನ ಆಗರಗಳನ್ನು ನೀವು ನೋಡಿರಬಹುದು. ಬ್ರಿಟಿಷರ ಕಾಲದಲ್ಲಿ ಮನೆಯೆದುರಿನ ಸಮುದ್ರದ ನೀರು ಕಾಸಿ ಉಪ್ಪು ಮಾಡಿದರೂ ಅಪರಾಧ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಜನ ಆ ಕಾನೂನು ಮುರಿದರು, ಜೈಲಿಗೆ ಹೋದರು. ಮರುವರ್ಷ ಮಾರ್ಚ್ 5ರಂದು ಗಾಂಧಿ-ಇರ್ವಿನ್ ಒಪ್ಪಂದವಾಯಿತು. ಉಪ್ಪಿನ ಕಾಯ್ದೆ ರದ್ದಾಗಲಿಲ್ಲ, ಆದರೆ ಉಪ್ಪು ಸಿಗುವ ಊರಿನವರು ಮನೆಬಳಕೆಗೆ ಮಾಡಿಕೊಳ್ಳಬಹುದು, ತಮ್ಮೂರೊಳಗೆ ಮಾರಿಕೊಳ್ಳಬಹುದು ಎಂದಾಯಿತು. ಅದರ ಜೊತೆಗೇ ಹಿಂಸೆ ಮಾಡದ ಸತ್ಯಾಗ್ರಹಿಗಳ ಬಿಡುಗಡೆ, ನಡೆಯುತ್ತಿದ್ದ ಕೇಸುಗಳ ವಾಪಸಾತಿ, ವಸೂಲಾಗದ ದಂಡದ ಮನ್ನಾ. ಗಿಡಕ್ಕೂ ಉಪ್ಪಿಗೂ, ಚಟಕ್ಕೂ ಚಳವಳಿಗೂ ಹೋಲಿಕೆಯಿಲ್ಲವೆಂದು ನನಗೆ ಗೊತ್ತು. ನಾನು ಹೇಳುವುದು ಕ್ರಮದ ಮಾತು: ಕಾನೂನು ಸಡಿಲಿಸಿದವರು, ಅದರ ಕೆಳಗೆ ಸಿಕ್ಕಿಬಿದ್ದವರ ಲೆಕ್ಕವನ್ನೂ ಅದೇ ಕಾಗದದಲ್ಲಿ ಬರೆದರು.

ಆ ಒಪ್ಪಂದದಲ್ಲೂ ಕೊರತೆಯಿತ್ತು. ಜಪ್ತಿಯಾಗಿ ಬೇರೆಯವರಿಗೆ ಮಾರಾಟವಾದ ಆಸ್ತಿ ಹಿಂದಿರುಗುವುದಿಲ್ಲ ಎಂದಿತ್ತು. ಮುಂದೆ ಕರನಿರಾಕರಣೆಯಲ್ಲಿ ಸಿದ್ದಾಪುರ, ಅಂಕೋಲೆಯ ರೈತರು ಮನೆಮಾರು ಕಳೆದುಕೊಂಡರು. 1932ರಲ್ಲಿ ಮಾವಿನಗುಂಡಿಯಲ್ಲಿ ಹೆಂಗಸರು, ಜಪ್ತಿಯಾದ ಆಸ್ತಿ ಕೊಂಡವರ ಮನೆಬಾಗಿಲಲ್ಲಿ ಉಪವಾಸ ಕುಳಿತರು. 1937ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಭೂಮಿ ಮರಳಿಸುವ ಕೆಲಸವಾಯಿತು. ಹಿಂದಿನದನ್ನು ಸರಿಪಡಿಸುವುದು ತಾನಾಗಿ ಆಗುವುದಿಲ್ಲ, ಯಾರಾದರೂ ಬಾಗಿಲಲ್ಲಿ ಕೂರಬೇಕಾಗುತ್ತದೆ.

ಹೊರದೇಶಗಳಲ್ಲಿ ಇದು ಈಗ ನಡೆದಿದೆ. ಕೆನಡಾ 2018ರ ಅಕ್ಟೋಬರಿನಲ್ಲಿ ಗಾಂಜಾವನ್ನು ಕಾನೂನುಬದ್ಧ ಮಾಡಿ, ಮರುವರ್ಷ ಹಳೆಯ ಸಣ್ಣ ಕೇಸುಗಳಿಗೆ ಶುಲ್ಕವಿಲ್ಲದ ಕ್ಷಮೆ ಎಂದಿತು. ಆದರೆ ಅರ್ಜಿ ಹಾಕಬೇಕಿತ್ತು. ಅರ್ಹರಲ್ಲಿ ತೀರಾ ಕೆಲವರಷ್ಟೇ ಹಾಕಿದರು. ಅಮೆರಿಕದ ಇಲಿನಾಯ್ ರಾಜ್ಯ 2020ರಿಂದ ಮೂವತ್ತು ಗ್ರಾಂ ಒಳಗಿನ ಹಳೆಯ ದಾಖಲೆಗಳನ್ನು ಅರ್ಜಿಗೆ ಕಾಯದೆ ತೆಗೆಯಲು ಹೊರಟಿತು. ಹೆಚ್ಚು ಜನ ಜೈಲಿಗೆ ಹೋದ ಕೇರಿಗಳವರಿಗೆ ಅಂಗಡಿಯ ಲೈಸೆನ್ಸಿನಲ್ಲಿ ಆದ್ಯತೆಯನ್ನೂ ಕೊಟ್ಟಿತು. ನಷ್ಟಪಟ್ಟವರು ಒಬ್ಬರು, ಲಾಭ ಮಾಡುವವರು ಇನ್ನೊಬ್ಬರು ಆಗಬಾರದೆಂದು.

ನಮ್ಮಲ್ಲಿ? ಇಲ್ಲಿಯೇ ನನ್ನ ತಪ್ಪು ನನಗೆ ಪೂರ್ತಿ ಕಂಡದ್ದು. ನಮ್ಮ ದೇಶದಲ್ಲಿ 1958ರಿಂದ ಪ್ರೊಬೇಷನ್ ಕಾಯ್ದೆಯಿದೆ. ನ್ಯಾಯಾಧೀಶರು ಅದರ ಪ್ರಕಾರ ಎಚ್ಚರಿಕೆ ಕೊಟ್ಟೋ ಮುಚ್ಚಳಿಕೆ ಬರೆಸಿಕೊಂಡೋ ಬಿಟ್ಟರೆ, ಶಿಕ್ಷೆಗೊಳಗಾದವರಿಗೆ ತಗಲುವ ಅನರ್ಹತೆ ತಗಲುವುದಿಲ್ಲ ಎಂದು ಅದರ 12ನೆಯ ಕಲಂ ಹೇಳುತ್ತದೆ. ಮಾದಕದ್ರವ್ಯದ ಕೇಸುಗಳಲ್ಲಿ ಹದಿನೆಂಟು ದಾಟಿದವರಿಗೆ ಈ ಬಾಗಿಲು ಬಹುಮಟ್ಟಿಗೆ ಮುಚ್ಚಿದೆ. ಆದರೆ ಬರೀ ಸೇವನೆಯ 27ನೆಯ ಕಲಮಿಗೆ ಮುಚ್ಚಿಲ್ಲ. ಚಿಕಿತ್ಸೆಗೆ ತಾನಾಗಿ ಒಪ್ಪುವ ವ್ಯಸನಿಗೆ 64ಎ ಕಲಮಿನಲ್ಲಿ ಕೇಸಿನಿಂದಲೇ ರಕ್ಷಣೆಯುಂಟು. ಹದಿನೆಂಟರ ಒಳಗಿನ ಮಕ್ಕಳಿಗಾಗಿ 2015ರ ಬಾಲನ್ಯಾಯ ಕಾಯ್ದೆ ಇನ್ನೂ ಮುಂದೆ ಹೋಗಿ, ಅವಧಿ ಮುಗಿದ ಮೇಲೆ ದಾಖಲೆಯನ್ನೇ ನಾಶಮಾಡಿ ಎನ್ನುತ್ತದೆ.

ಚೌತಿಗೆ ಮತ್ತೆ ಊರಿಗೆ ಹೋದಾಗ ಅಕ್ಕನ ರಸೀದಿ ಬಿಡಿಸಿ ನೋಡಿದೆ. ಕಲಂ 27. ಬಾಗಿಲು ತೆರೆದೇ ಇತ್ತು. ನಾವು ಯಾರೂ ತಟ್ಟಿರಲಿಲ್ಲ. ನನ್ನ ಪಾಲಿನ ತಪ್ಪನ್ನು ಜಗಲಿಯ ಮೇಲೆ ಕುಳಿತು ಅವಳಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಉಪ್ಪಿನ ಕೇಸಿನಲ್ಲಿ ಹೋದವರ ಹೆಸರು ಕಲ್ಲಿನ ಮೇಲೆ ಬರೆದಿಟ್ಟಿದ್ದಾರೆ. ನನ್ನ ಮಗನ ಹೆಸರು ಎಲ್ಲೂ ಬೇಡ, ಅಳಿಸಿದರೆ ಸಾಕಿತ್ತು” ಎಂದಳು. ಬಯ್ದಿದ್ದರೆ ಹಗುರಾಗುತ್ತಿತ್ತೇನೋ.

ಹುಡುಗ ಈಗ ಕುಮಟೆಯಲ್ಲೇ ಗ್ಯಾರೇಜೊಂದರಲ್ಲಿ ಕೆಲಸಕ್ಕಿದ್ದಾನೆ. ಆರು ವರ್ಷದ ವಿಳಂಬವನ್ನು ಮನ್ನಿಸಿ ಮೇಲ್ಮನವಿ ಕೇಳಲು ಬರುತ್ತದೆಯೇ ಎಂದು ಬೇರೊಬ್ಬ ವಕೀಲರು ಕಾಗದ ನೋಡುತ್ತಿದ್ದಾರೆ. ಆದೀತೆಂಬ ಭರವಸೆಯನ್ನು ಅವರು ಕೊಟ್ಟಿಲ್ಲ.

ನಿಮ್ಮ ಮನೆಗೆ, ನೆರೆಮನೆಗೆ ಇಂಥದ್ದು ಬರದಿರಲಿ. ಬಂದರೆ ಮರ್ಯಾದೆಯ ಮಾತಿಗೆ ಮುಂಚೆ ಕಲಂ ಯಾವುದು ಎಂದು ಕೇಳಿ. ಬಂಧನದಲ್ಲಿರುವವರಿಗೆ ತಾಲೂಕು ಕೋರ್ಟಿನ ಕಾನೂನು ನೆರವು ಸಮಿತಿಯಿಂದ ಪುಕ್ಕಟೆ ವಕೀಲರು ಸಿಗುತ್ತಾರೆ. ತಪ್ಪೊಪ್ಪಿಕೊಳ್ಳುವ ಮೊದಲು ಪ್ರೊಬೇಷನ್ ಕೇಳಬಹುದೇ ಎಂದು ಅವರನ್ನು ವಿಚಾರಿಸಿ. ಒಲೆಯ ಮೇಲೆ ಹಾಲಿದ್ದರೆ, ಮೊದಲು ಒಲೆ ಆರಿಸಿ.